ಸ್ಕೂಟರಿಗೆ ನೈಟ್ರೋಜನ್ ಕುಡಿಸಲು ಹೋಗಿ

ಆಳಂದದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದ ಕಾಲ. ವಿಮಾನದ ಟೈರುಗಳಿಗೆ ಬರೀ ನೈಟ್ರೋಜನ್ ತುಂಬುತ್ತಾರೆಂದು ಒಂದು ಪತ್ರಿಕೆಯಲ್ಲಿ ಓದಿದೆ. ಗಾಳಿ ಬೇಗ ಇಳಿಯುವುದಿಲ್ಲವಂತೆ, ಒಳಗೆ ತೇವ ಸೇರುವುದಿಲ್ಲವಂತೆ, ಟೈರು ಹೆಚ್ಚು ಬಾಳುತ್ತದಂತೆ! ವಿಮಾನಕ್ಕೆ ಒಗ್ಗಿದ್ದು ನನ್ನ ಸ್ಕೂಟರಿಗೆ ಒಗ್ಗದೇ?

ಮರುದಿನವೇ ಅಫಜಲಪುರದಲ್ಲಿ ನಾದಿನಿಯ ನಿಶ್ಚಿತಾರ್ಥ. ಹಿರಿಯ ಅಳಿಯನಾಗಿ ಬೀಗರಿಗೆ ವೀಳ್ಯ ಕೊಡುವ ಮರ್ಯಾದೆ ನನ್ನದು. ಹೆಂಡತಿ ಶಾಂತಾ ರೇಷ್ಮೆ ಸೀರೆಯುಟ್ಟು ಹಿಂದೆ ಕೂತಳು. ನಾನು ಸ್ಕೂಟರನ್ನು ನೇರ ದನದ ದವಾಖಾನೆಗೆ ತಿರುಗಿಸಿದೆ.

"ಇಲ್ಲ್ಯಾಕ ಬಂದ್ರಿ? ನಮ್ಮನ್ಯಾಗ ದನ ಎಲ್ಲಿ ಅವ?"

"ಇಲ್ಲಿ ದೊಡ್ಡ ಕ್ಯಾನಿನ್ಯಾಗ ನೈಟ್ರೋಜನ್ ಇಟ್ಟಾರ. ಡಾಕ್ಟರ್ ನನ್ನ ದೋಸ್ತ. ಸುಮ್ನ ನೋಡು."

ಹಳೆಯ ಗಾಳಿ ಬೆರೆತು ಶುದ್ಧತೆ ಕೆಡಬಾರದೆಂಬ ವೈಜ್ಞಾನಿಕ ಮುಂದಾಲೋಚನೆಯಿಂದ, ಬಾಗಿಲಲ್ಲೇ ಎರಡೂ ಟೈರಿನ ಗಾಳಿ ಬಿಟ್ಟೆ. ಸ್ಟೆಪ್ನಿಯನ್ನೂ ಬಿಡಲಿಲ್ಲ! ಆಮೇಲೆ ಒಳಗೆ ಹೋಗಿ ನೈಟ್ರೋಜನ್ ಕೇಳಿದೆ.

ಡಾಕ್ಟರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮಾಸ್ತರ್ರ, ಅದು ನೀರಿನಂಗ ಇರ್ತದ, ಬರ್ಫಕ್ಕಿಂತ ಥಂಡಿ. ಹಾಕಿದ್ರ ರಬ್ಬರ್ ಹಪ್ಪಳದಂಗ ಮುರೀತದ. ಮತ್ತ ಅದ್ರಾಗ ಹೋರಿ ಬೀಜ ಇಟ್ಟೀನ್ರಿ. ಆಕಳ ಗಬ್ಬಾಗಲಿಕ್ಕ ಅದು, ಸ್ಕೂಟರ್ ಗಬ್ಬಾಗಲಿಕ್ಕಲ್ಲ!"

ಎತ್ತು ಹಿಡಿದು ನಿಂತಿದ್ದ ರೈತರೆಲ್ಲ ನಕ್ಕರು. ಎತ್ತುಗಳು ಮಾತ್ರ ಮರ್ಯಾದೆ ಕಾಯ್ದವು.

"ಗಾಳ್ಯಾಗ ಮುಕ್ಕಾಲ್ ಪಾಲು ನೈಟ್ರೋಜನ್ನೇ ಅದ ಅಂತ ನೀವೇ ಹೇಳ್ತಿದ್ರಿ," ಎಂದಳು ಶಾಂತಾ. "ಇದ್ದದ್ದನ್ನೂ ಬಿಟ್ಟು ಕೂತ್ರಲ್ರಿ!"

ನಾನು ಹೊರಬಂದು ಟೈರು ಒತ್ತಿ ನೋಡಿದೆ. ಒಂದಿಷ್ಟೂ ಗಾಳಿಯಿರಲಿಲ್ಲ.

ಅವಳು ಅಫಜಲಪುರದ ಬಸ್ಸಿಗೆ ಕೈ ಮಾಡಿ ಹತ್ತಿಯೇಬಿಟ್ಟಳು. ನಾನು ಸ್ಕೂಟರ್ ತಳ್ಳುತ್ತ ಬಜಾರಿಗೆ ಹೊರಟೆ.

"ಪೆಟ್ರೋಲ್ ಖಾಲಿ ಆತೇನ್ರಿ ಸರ್?" ದಾರಿಯಲ್ಲಿ ಯಾರೋ ಕೇಳಿದರು.

"ಇಲ್ರಿ, ಗಾಳಿ ಖಾಲಿ!"

ಪಂಕ್ಚರ್ ಅಂಗಡಿಯಲ್ಲಿ ಕರೆಂಟಿರಲಿಲ್ಲ. ಅಂಗಡಿಯವನು ಕೈಪಂಪು ಕೊಟ್ಟು ಬೀಡಿ ಹಚ್ಚಿಕೊಂಡ. ಟೈರುಗಳಿಗೆ ಗಾಳಿ ತುಂಬುವಷ್ಟರಲ್ಲಿ ನನ್ನ ಗಾಳಿಯೇ ಹೋಗಿತ್ತು!

ಅಫಜಲಪುರ ಮುಟ್ಟಿದಾಗ ನಿಶ್ಚಿತಾರ್ಥ ಮುಗಿದಿತ್ತು. ವೀಳ್ಯ ಕೊಟ್ಟ ಕಿರಿಯ ಅಳಿಯ ಮೀಸೆ ತಿರುವುತ್ತ ಕೂತಿದ್ದ. ಮಾವನವರು ನನಗೆ ಎಲೆ ಹಾಕಿಸಿ ಮರುಕದಿಂದ ಕೇಳಿದರು: "ಹಾದ್ಯಾಗ ಪಂಕ್ಚರ್ ಆತೇನ್ರಿ ಅಳಿಯಂದ್ರ?"

"ಹೌದ್ರಿ ಮಾವಾ, ಪಂಕ್ಚರ್."

ಅಡುಗೆಮನೆಯಿಂದ ಶಾಂತಾಳ ಧ್ವನಿ ಬಂತು: "ಟೈರ್ ಅಲ್ಲಪ್ಪಾ, ತಲಿ!"

ಬೀಗರೆಲ್ಲ ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿ, ತಣ್ಣಗಾದ ಹೋಳಿಗೆಯನ್ನು ಬಹಳ ವೈಜ್ಞಾನಿಕವಾಗಿ ಅಗಿಯತೊಡಗಿದೆ.