ಭಾವನ ಖಲಾಸ್

ನಮ್ಮ ಭಾವನಿಗೆ ಬರುವ ಅರಬ್ಬಿ ಅಂಗಡಿಯಲ್ಲಿ ಈರುಳ್ಳಿ ಕೊಳ್ಳುವುದಕ್ಕೂ ಸಾಲದು. ಸಯ್ಯಾರಾ ಅಂದರೆ ಕಾರು, ಅಬ್ಯದ್ ಅಂದರೆ ಬಿಳಿ, ಅಷ್ಟೇ. ಆದರೂ ಕಾರಿನಲ್ಲಿ ಅವರು ಕೇಳುತ್ತಿದ್ದದ್ದು ಪೊಲೀಸರ ವೈರ್‌ಲೆಸ್ ಒಂದನ್ನೇ! ಉಡುಪಿ ಕಡೆಯ ಉಳಿದವರು ಯಕ್ಷಗಾನ ಹಾಕಿಕೊಂಡರೆ, ಇವರು ಸಂಜೆಯಾದರೆ ಒಮಾನಿನ ಸಹಮ್ ಪಟ್ಟಣದ ಮನೆಯೆದುರು ನಿಲ್ಲಿಸಿದ ಕಾರಿನಲ್ಲಿ ಕೂತು, ಗುಜರಿಯಲ್ಲಿ ಸಿಕ್ಕಿದ ಅಂಗೈಯಗಲದ ಸೆಟ್ಟಿನ ಕರಕರಕ್ಕೆ ತಲೆಯಾಡಿಸುತ್ತಿದ್ದರು.

“ಭಾವ, ಪರವಾನಗಿ ಇಲ್ಲದೆ ಇದನ್ನು ಕೇಳಿದ್ರೆ ಇಲ್ಲಿ ಕೇಸು. ಕೆಲಸ, ವೀಸಾ ಎರಡೂ ಹೋಗ್ತದೆ.”

“ನಾನು ಅದರಲ್ಲಿ ಮಾತಾಡುದಿಲ್ಲ ಮಾರಾಯ, ಬರೀ ಕೇಳುದು. ಕಿವಿಗೆ ಬಿದ್ದದ್ದಕ್ಕೆ ಯಾರಾದ್ರೂ ಕೇಸು ಹಾಕ್ತಾರಾ?”

ಹಾಕುತ್ತಾರೆ. ಆದರೆ ಭಾವನ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಅಕ್ಕ ದಿನಾ ಪಕ್ಕದ ಸೊಹಾರ್ ಪಟ್ಟಣದ ಆಫೀಸಿನಿಂದ ಬಿಳಿ ಕಾರಿನಲ್ಲಿ ಒಬ್ಬಳೇ ಬರುವವಳು. ಕಳೆದ ತಿಂಗಳು ಒಂದು ಸಂಜೆ ಹೊತ್ತು ಮೀರಿದರೂ ಬರಲಿಲ್ಲ. ಫೋನ್ ಸ್ವಿಚ್ ಆಫ್. ಭಾವ ನನ್ನನ್ನು ಕೂರಿಸಿಕೊಂಡು ಹುಡುಕಲು ಹೊರಟರು. ದಾರಿಯಲ್ಲಿ ಸೆಟ್ಟು ಗೊರಗುಟ್ಟಿತು: “...ಸಯ್ಯಾರಾ... ಅಬ್ಯದ್... ಖಲಾಸ್.”

ಭಾವನ ಮುಖ ಬಿಳುಚಿತು. ಒಮಾನ್‌ನಲ್ಲಿ ಖಲಾಸ್ ಅಂದರೆ ಆಯಿತು, ಮುಗಿಯಿತು ಅಷ್ಟೇ. ಅವರೇ ದಿನಕ್ಕೆ ನೂರು ಸಲ ಹೇಳುವ ಮಾತು. ಆದರೆ ಆ ಕ್ಷಣ ಅವರಿಗೆ ನೆನಪಾದದ್ದು ನಮ್ಮೂರಿನ ಖಲಾಸ್, ಆಸಾಮಿ ಹೋದ ಅನ್ನುವ ಖಲಾಸ್. ಆಕ್ಸಿಲರೇಟರ್ ಒತ್ತಿಯೇ ಬಿಟ್ಟರು.

ಪೊಲೀಸ್ ಗಾಡಿ ನಮ್ಮನ್ನು ಅಡ್ಡಹಾಕಿತು. ನಾನು ಸೆಟ್ಟನ್ನು ಚಪ್ಪಲಿಯಡಿಗೆ ತಳ್ಳಿ ದೇವರನ್ನು ನೆನೆದೆ. ಪೊಲೀಸಿನವನು ಭುಜದ ವೈರ್‌ಲೆಸ್ಸಿನಲ್ಲಿ ನಮ್ಮ ಕಾರಿನ ನಂಬರ್ ಹೇಳಿದ. ಅವನ ದನಿ ನನ್ನ ಚಪ್ಪಲಿಯಡಿಯಿಂದಲೂ ಬಂತು!

ಅವನು ಕೈಚಾಚಿದ. ಭಾವ ತಾವೇ ಬಗ್ಗಿ ಸೆಟ್ಟು ಎತ್ತಿಕೊಟ್ಟು ಹಿಂದಿಯಲ್ಲಿ ಹೇಳಿದರು: “ಸಾಬ್, ಬೇಕಾದರೆ ಜೈಲಿಗೆ ಹಾಕಿ. ಮೊದಲು ಆ ಬಿಳಿ ಕಾರಿನಲ್ಲಿ ಯಾರಿದ್ದರು ಕೇಳಿ. ನನ್ನ ಹೆಂಡತಿ...” ಆಗಲೇ ನನಗೆ ಹೊಳೆದದ್ದು: ಇಷ್ಟು ದಿನ ಅವರು ಕೇಳುತ್ತಿದ್ದದ್ದು ಅಕ್ಕ ಬರುವ ದಾರಿಯನ್ನು!

ಅವನು ವೈರ್‌ಲೆಸ್ಸಿನಲ್ಲಿ ವಿಚಾರಿಸಿದ. “ಯಾರೋ ಮುದುಕನ ಗಾಡಿ. ಪಂಕ್ಚರ್. ಟೈರ್ ಹಾಕಿ ಕಳಿಸಿದರು, ಖಲಾಸ್.”

ಅಷ್ಟರಲ್ಲಿ ಅಕ್ಕ ಯಾರದೋ ಫೋನಿನಿಂದ ಕರೆ ಮಾಡಿದಳು. “ಮೀಟಿಂಗ್ ಮುಗಿಯಲೇ ಇಲ್ಲ ಮಾರ‍್ರೆ. ನನ್ನ ಫೋನಿನ ಚಾರ್ಜು ಖಲಾಸ್.”

ಠಾಣೆಯಲ್ಲಿ ಸೆಟ್ಟು ಜಪ್ತಿಯಾಯಿತು. ಮುಚ್ಚಳಿಕೆ ಬರೆಸಿಕೊಂಡು, ಗದರಿಸಿ ಬಿಟ್ಟರು.

ಈಗ ಅಕ್ಕ ಕಾರು ಹತ್ತಿದ ಕೂಡಲೇ ಭಾವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಭಾವ ಅಡುಗೆಮನೆಯಲ್ಲಿ ಕೂತು ಅವಳ ಇಂಡಿಕೇಟರಿನ ಟಿಕ್ ಟಿಕ್ ಕೇಳುತ್ತಿರುತ್ತಾರೆ. ಕಾರು ಮನೆಯೆದುರು ನಿಂತಾಗ ಅಕ್ಕ ಹೇಳುತ್ತಾಳೆ, “ಬಂದೆ, ಖಲಾಸ್.”

ಭಾವ ಎದ್ದು ಚಹಾಕ್ಕೆ ನೀರಿಡುತ್ತಾರೆ.