ಬೆಟ್ಟವಿಲ್ಲದ ನಾಡಿನಲ್ಲಿ ಜಾರಿದ್ದು

ಬೆಟ್ಟವೇ ಇಲ್ಲದ ದೇಶದಲ್ಲಿ ಸ್ಕೀಯಿಂಗ್ ಕಲಿಯೋಕೆ ಹೊರಟವನಿಗೆ ಇಂಥವೆಲ್ಲ ಆಗದೆ ಇನ್ನೇನಾಗುತ್ತೆ? ಆಫೀಸಿನವರು ಆಲ್ಪ್ಸ್‌ಗೆ ಹೊರಟಿದ್ದರು. ‘ಸ್ಕೀ ಬರುತ್ತಾ?’ ಅಂದರು. ಮೈಸೂರಿನವನಾದ ನಾನು ಮರ್ಯಾದೆಗೆ ಅಂಜಿ ‘ಸ್ವಲ್ಪ ಬರುತ್ತೆ’ ಅಂದುಬಿಟ್ಟೆ. ಆ ‘ಸ್ವಲ್ಪ’ವನ್ನು ಹುಡುಕಿಕೊಂಡು ನೆದರ್ಲೆಂಡ್ಸ್ ಪೂರ್ತಿ ಸುತ್ತಬೇಕಾಯಿತು.

ಓಡುವ ಜಮಖಾನ

ಮೊದಲು ಡೀಮೆನ್ ಅನ್ನೋ ಊರಲ್ಲಿರುವ ನಮ್ಮ ಮನೆಗೆ ಹತ್ತಿರದ ಜಾಗ. ಒಂದು ಶೆಡ್ಡು, ಒಳಗೆ ಇಳಿಜಾರಾಗಿ ಹಾಸಿದ ದೊಡ್ಡ ಜಮಖಾನ. ಮೋಟರ್ ಹಾಕಿದರೆ ಅದು ಮೇಲಕ್ಕೆ ಓಡುತ್ತೆ, ನಾವು ಕೆಳಕ್ಕೆ ಜಾರಬೇಕು. ಬೆಟ್ಟ ಇಲ್ಲ ಅಂತ ಅಳುತ್ತ ಕೂರದೆ ಬೆಟ್ಟವನ್ನೇ ಸುತ್ತಿ ಸುತ್ತಿ ಕಾಲಡಿಗೆ ತರಿಸಿಕೊಂಡಿದ್ದಾರಲ್ಲ ಅಂತ ನಾನು ಬೆರಗಾದೆ. ಕಂಬಿ ಹಿಡಿದುಕೊಂಡು ಬೆವರು ಸುರಿಯುವವರೆಗೂ ಜಾರಿದೆ. ಇಳಿದು ಬಂದು ಹೆಂಡತಿಗೆ ಹೆಮ್ಮೆಯಿಂದ, ‘ಎಷ್ಟು ದೂರ ಹೋಗಿದ್ದೆ ಗೊತ್ತಾ?’ ಅಂದೆ.

‘ಎಲ್ಲಿಗ್ರೀ ಹೋಗಿದ್ರಿ? ನಾನು ನೋಡ್ತಾನೇ ಇದ್ದೆ, ನೀವು ಇಲ್ಲೇ ಇದ್ರಿ!’

ದೊಡ್ಡ ಫ್ರಿಡ್ಜು

ಆ ಚಳಿಗಾಲಕ್ಕೆ ಅತ್ತೆ ಮೈಸೂರಿನಿಂದ ಬಂದಿದ್ದರು. ಜನ್ಮದಲ್ಲಿ ಒಮ್ಮೆ ಹಿಮ ನೋಡಬೇಕು ಅನ್ನೋದೊಂದೇ ಅವರ ಆಸೆ. ಬಂದಾಗಿನಿಂದ ಬರೀ ಜಿಟಿಜಿಟಿ ಮಳೆ. ಕೊನೆಗೆ ದ ಹೇಗ್ ಪಕ್ಕ ಇರುವ, ಒಳಗೇ ಹಿಮ ಮಾಡುವ ಹಾಲ್‌ಗೆ ಕರೆದುಕೊಂಡು ಹೋದೆವು.

ಒಳಗೆ ಕಾಲಿಟ್ಟ ಅತ್ತೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಹಿಮ ತೆಗೆದು ಕೆನ್ನೆಗೆ ಒತ್ತಿಕೊಂಡರು. ಕಣ್ಣು ತುಂಬಿತ್ತು.

ಅಷ್ಟರಲ್ಲಿ ಯಾರೋ ಒಳಗೆ ಬಂದರು. ಅತ್ತೆ ತಟ್ಟನೆ ತಿರುಗಿ ಅಚ್ಚಗನ್ನಡದಲ್ಲಿ ಕೂಗಿದರು: ‘ಬಾಗ್ಲು ಹಾಕಪ್ಪಾ! ತಣ್ಣಗಿರೋದೆಲ್ಲ ಹೊರಗೆ ಹೋಗುತ್ತೆ!’

ಪಿಟ್ಸಾ

ದಕ್ಷಿಣದ ಲಿಂಬರ್ಗ್‌ನಲ್ಲಿ ಇನ್ನೂ ದೊಡ್ಡ ಹಾಲ್ ಇದೆ. ಹಿಂದಿನ ಕಲ್ಲಿದ್ದಲು ಗಣಿಯ ಕಸ ರಾಶಿ ಬಿದ್ದು ಆದ ಗುಡ್ಡದ ಮೇಲೆ ಕಟ್ಟಿದ್ದು. ಕೆಳಗೆ ಕರೀ ಗುಡ್ಡ, ಮೇಲೆ ಬೆಳ್ಳನೆ ಹಿಮ. ಅದನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದೆ, ಸ್ಕೀ ತಾನಾಗೇ ಹೊರಟಿತು. ಹಿಂದಿನಿಂದ ಕಲಿಸುವ ಹುಡುಗಿ, ‘ಪಿಟ್ಸಾ! ಪಿಟ್ಸಾ!’ ಅಂತ ಕಿರುಚಿದಳು.

‘ಈಗ ಬೇಡ! ನಿಂತ ಮೇಲೆ ತಿಂತೀನಿ!’ ಅಂತ ನಾನೂ ಕಿರುಚುತ್ತಾ ಹೋಗಿ ಕೆಳಗಿನ ಬಲೆಯಲ್ಲಿ ಸಿಕ್ಕಿಕೊಂಡೆ. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಪಿಟ್ಸಾ ತುಂಡಿನ ಆಕಾರ ಮಾಡಿದರೆ ಬ್ರೇಕ್ ಬೀಳುತ್ತೆ ಅಂತೆ. ನನ್ನನ್ನು ಬಲೆಯಿಂದ ಬಿಡಿಸುತ್ತಾ ಹೇಳಿದಳು.

ಸಮುದ್ರದ ದಂಡೆಯಲ್ಲಿ

ಅತ್ತೆ ಹೊರಡುವ ವಾರ ನಿಜವಾದ ಹಿಮವೇ ಬಿತ್ತು. ನೂರ್ಡ್‌ವೈಕ್‌ನ ಗೆಳೆಯ ಫೋನ್ ಮಾಡಿ, ‘ಬೇಗ ಬಾರೋ, ಕರಗಿ ಹೋಗುತ್ತೆ!’ ಅಂದ. ಅತ್ತೆಯನ್ನೂ ಕರೆದುಕೊಂಡು ಹೋಗಿ ನೋಡಿದರೆ ಮರಳದಿಬ್ಬಗಳೆಲ್ಲ ಬೆಳ್ಳಗೆ, ಆಚೆಗೆ ಬೂದುಬಣ್ಣದ ಸಮುದ್ರ. ಅಲೆಗಳ ಮೇಲೂ ಹಿಮ ಉದುರುತ್ತಿತ್ತು.

ಊರಿನವರೆಲ್ಲ ಜಾರುತ್ತಿದ್ದ ದಿಬ್ಬದ ಮೇಲೆ ನಾನು ಗೆಳೆಯನ ಸ್ಕೀ ಕಟ್ಟಿಕೊಂಡು ಹೊರಟೆ. ಹಿಮ ತೆಳ್ಳಗಿತ್ತು, ಅಡಿಯಲ್ಲಿ ಮರಳು. ಸ್ಕೀ ಅರ್ಧದಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಮುಖ ಅಡಿಯಾಗಿ ಬಿದ್ದೆ. ಏಳೋಣ ಅನ್ನುವಷ್ಟರಲ್ಲಿ ಮೇಲಿನಿಂದ ‘ಓಪ್‌ಸೈ! ಓಪ್‌ಸೈ!’ ಅಂತ ಕೂಗು. ಪಕ್ಕಕ್ಕೆ ಸರಿ ಅಂತ. ಸೈಕಲ್ ದಾರಿಯಲ್ಲಿ ಅಡ್ಡ ನಿಂತಾಗಲೆಲ್ಲ ಬೈಸಿಕೊಂಡು ಅತ್ತೆ ಕಲಿತಿದ್ದ ಒಂದೇ ಡಚ್ ಮಾತು ಅದು. ಯಾರದೋ ಮರದ ಜಾರುಬಂಡಿಯಲ್ಲಿ ಕೂತು, ಸೀರೆ ಸೆರಗು ಹಾರಿಸುತ್ತಾ ನನ್ನ ಕಿವಿ ಪಕ್ಕದಲ್ಲೇ ಸುಂಯ್ ಅಂತ ಹೋದರು. ಸುತ್ತಲಿದ್ದ ಜನ ಚಪ್ಪಾಳೆ ತಟ್ಟಿದರು.

ಏದುಸಿರು ಬಿಡುತ್ತಾ, ಬಂಡಿ ಎಳೆದುಕೊಂಡು ಅತ್ತೆ ಮತ್ತೆ ಮೇಲೆ ಬಂದರು. ಮುಖ ಕೆಂಪಗೆ, ಕಣ್ಣಲ್ಲಿ ಮಿಂಚು. ನನ್ನ ಹತ್ತಿರ ಬಗ್ಗಿ ಅಕ್ಕರೆಯಿಂದ ಹೇಳಿದರು: ‘ಅಳಿಯಂದ್ರೇ, ಏಳೋಕೇನೂ ಆತುರ ಇಲ್ಲ, ಆರಾಮಾಗಿ ಮಲಗಿರಿ. ಸ್ವಲ್ಪ ಆ ಕಡೆ ಹೊರಳಿಕೊಂಡ್ರೆ ಸಾಕು. ನಾನು ಇನ್ನೊಂದ್ಸಲ ಬರ್ತೀನಿ.’