ಗುರುಶಾಂತಮ್ಮನ ಜಠರದಲ್ಲಿ ವಾಸವಾಗಿರುವ ಕ್ರಿಮಿ ಮಹಾಶಯರಿಗೆ

ದಾವಣಗೆರೆ
ಜುಲೈ ೧೯೯೮

ಮಾನ್ಯರೇ,

ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ ಮುರುಗೇಶಪ್ಪನ ಶರಣು ಶರಣಾರ್ಥಿಗಳು. ತಾವು ನನ್ನ ಹೆಂಡತಿ ಗುರುಶಾಂತಮ್ಮನ ಹೊಟ್ಟೆಯಲ್ಲಿ ವರ್ಷಾನುಗಟ್ಟಲೆ ಬಿಡಾರ ಹೂಡಿದ್ದರೂ ನಾನು ಒಂದು ದಿನವೂ ತಮ್ಮ ಕುಶಲ ವಿಚಾರಿಸಲಿಲ್ಲವಲ್ಲ ಎಂದು ನಾಚಿಕೆಯಾಗಿದೆ. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ತಮ್ಮ ನಾಮಧೇಯವನ್ನು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಉಚ್ಚಾರದಲ್ಲಿ ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಕೆ ಹರಿಹರದ ಶಾಲೆಗೆ ಪಾಠ ಹೇಳಲು ಹೋಗುವಾಗ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದಳು, ತಾವೂ ಟಿಕೆಟ್ಟಿಲ್ಲದೆ ಜೊತೆಗೆ ಹೋಗಿಬರುತ್ತಿದ್ದಿರಿ, ನಾನು ಮಾತ್ರ ‘ಏನಿಲ್ಲ ಬಿಡು, ಗ್ಯಾಸ್ ಐತೆ’ ಎನ್ನುತ್ತಿದ್ದೆ. ಆಮೇಲೆ ನಾನು ಮಾರುವ ಮಾಲೇ ಅವಳ ಹೊಟ್ಟೆ ಸುಡುತ್ತಿದೆ ಎಂಬ ಅನುಮಾನ ಹತ್ತಿ ಮನೆಯಲ್ಲಿ ಖಾರ ಬಂದ್ ಮಾಡಿಸಿದೆ. ಆರು ವರ್ಷ ಅಂಗಡಿಯಲ್ಲಿ ಬ್ಯಾಡಗಿ ಕಾಯಿಯ ಗುಣಗಾನ ಮಾಡಿ, ಮಧ್ಯಾಹ್ನ ಮನೆಗೆ ಬಂದು ಸಪ್ಪನೆಯ ಬೇಳೆ ಸಾರು ಉಂಡವನು ನಾನು. ಮಿರ್ಚಿ ಮಂಡಕ್ಕಿ ಅಂಗಡಿಗಳ ಮುಂದೆ, ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವವನಂತೆ ಮುಖ ತಿರುಗಿಸಿಕೊಂಡು ಓಡಾಡಿದೆ. ತಪ್ಪು ಕಾಯಿಯದಲ್ಲ, ತಮ್ಮದು ಎಂದು ಈಗ ಗೊತ್ತಾಗಿದೆ. ಆದಕಾರಣ ತಾವು ದಯಮಾಡಿ ಸಮಸ್ತ ಮೆಣಸಿನಕಾಯಿಗಳಿಗೆ ಒಂದು ಕ್ಷಮಾಪಣೆ ಪತ್ರ ಬರೆದು ಸಹಿ ಹಾಕಿ ಕೊಡತಕ್ಕದ್ದು. ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ.

ಕಳೆದ ತಿಂಗಳು ಡಾಕ್ಟರು ಆಕೆಗೆ ಪೈಪು ನುಂಗಿಸಿ ತಮ್ಮ ವಾಸಸ್ಥಳವನ್ನು ಟಿ.ವಿ.ಯಲ್ಲಿ ತೋರಿಸಿದರು. ಏನು ವೈಭವ, ಮಹಾಶಯರೇ. ಮೆತ್ತಗಿರಬೇಕಾದ ಮಡಿಕೆಗಳು ದಪ್ಪಗೆ ಊದಿ ಕೆಂಪಾಗಿದ್ದವು, ಅಲ್ಲಲ್ಲಿ ನೆನೆಸಿದ ಸಾಬೂದಾಣಿಯಂಥ ಗುಳ್ಳೆಗಳು, ನಡುವೆ ಬಿಳಿಪೊರೆ ಹೊತ್ತ ಒಂದು ಹುಣ್ಣು. ಇಷ್ಟೆಲ್ಲ ಮಾಡಿಸಿದ ಯಜಮಾನರು ಮಾತ್ರ ದರ್ಶನ ಕೊಡಲಿಲ್ಲ. ಡಾಕ್ಟರು ನಾಲ್ಕಾರು ಚೂರು ಚಿವುಟಿ ಒಂದನ್ನು ಹಳದಿ ಔಷಧದಲ್ಲಿ ಇಟ್ಟರು, ಅದು ಕೆಂಪಗಾಯಿತು, ತಾವು ಇರುವುದು ಖಾತ್ರಿಯಾಯಿತು.

ಉಳಿದ ಚೂರುಗಳ ರಿಪೋರ್ಟು ಎಂಟು ದಿನಕ್ಕೆ ಬಂತು. ಲಿಂಫೋಮಾ ಅಂತೆ, ಕ್ಯಾನ್ಸರಿನ ಜಾತಿಯದೇ. ತಮ್ಮನ್ನು ಓಡಿಸಲು ಬಂದ ಕಾವಲು ಜೀವಕೋಶಗಳೇ ವರ್ಷಾನುಗಟ್ಟಲೆ ಕಾದಾಡುತ್ತ, ಮಿತಿಮೀರಿ ಬೆಳೆದು ಗಡ್ಡೆಯಾಗಿವೆಯಂತೆ. ಇನ್ನೂ ಹೊಟ್ಟೆ ಬಿಟ್ಟು ಹೊರಗೆ ಹಬ್ಬಿಲ್ಲ, ಮೊದಲು ಕ್ರಿಮಿಯನ್ನು ಕೊಲ್ಲೋಣ, ಎಷ್ಟೋ ಜನರಲ್ಲಿ ಗಡ್ಡೆಯೂ ತಾನಾಗಿ ಕರಗುತ್ತದೆ ಎಂದರು ಡಾಕ್ಟರು. ಎಲ್ಲರಲ್ಲೂ ಎಂದು ಹೇಳಲಿಲ್ಲ. ಹದಿನಾಲ್ಕು ದಿನದ ಗುಳಿಗೆಯಲ್ಲಿ ಇವತ್ತಿಗೆ ಒಂಬತ್ತು ದಿನ ಮುಗಿದಿದೆ. ಆಕೆ ಬಾಯಿ ಕಹಿ ಎಂದು ನನ್ನನ್ನೇ ಬೈಯುತ್ತ ನುಂಗುತ್ತಾಳೆ. ನನಗೆ ಭಯವಾಗಿದೆ, ಮಾನ್ಯರೇ, ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಬಾಡಿಗೆ, ನಷ್ಟ ಪರಿಹಾರ ಯಾವುದನ್ನೂ ಕೇಳುವುದಿಲ್ಲ. ಹೋಗುವಾಗ ತಮ್ಮಿಂದಾಗಿ ಬಂದು ಕೂತಿರುವ ಆ ಗಡ್ಡೆಯನ್ನೂ ಕೈಹಿಡಿದು ಕರೆದುಕೊಂಡು ಹೋಗಬೇಕಾಗಿ ವಿನಂತಿ. ಮೂರು ತಿಂಗಳ ನಂತರ ಡಾಕ್ಟರು ಮತ್ತೆ ಪೈಪು ಇಳಿಸಿದಾಗ ಒಳಗೆ ಯಾರೂ ಇರಕೂಡದು.

ತಮ್ಮ ನಿರ್ಗಮನವನ್ನೇ ಕಾಯುತ್ತಿರುವ ವಿಶ್ವಾಸಿ,
ಮುರುಗೇಶಪ್ಪ

ತಾ.ಕ.: ತಾವು ಒಂದೇ ಮನೆಯವರಲ್ಲಿ ಬಾಯಿಂದ ಬಾಯಿಗೂ ದಾಟಬಹುದಂತೆ, ನನ್ನನ್ನೂ ಪರೀಕ್ಷಿಸಬೇಕಂತೆ. ಮದುವೆಯಾದಾಗಿನಿಂದ ಆಕೆ ನಾನು ಉಂಡೆದ್ದ ತಟ್ಟೆಯಲ್ಲೇ ಉಣ್ಣುತ್ತ ಬಂದಿದ್ದಾಳೆ, ನಾನೂ ಬೇಡ ಅಂದವನಲ್ಲ. ನಾಳೆ ನಾನು ಪೈಪು ನುಂಗುತ್ತೇನೆ. ತಮ್ಮನ್ನು ಆಕೆಯ ಹೊಟ್ಟೆಗೆ ಕಳಿಸಿದವನು ನಾನೇ ಇರಬಹುದು ಎಂದಾದರೆ ಆಕೆಗೆ ನಾನೇ ಹೇಳುತ್ತೇನೆ. ಗಂಡಹೆಂಡಿರ ಮಧ್ಯೆ ತಾವು ಇಷ್ಟು ವರ್ಷ ಇದ್ದದ್ದು ಸಾಕು.